ಮ್ಯಾಪು ತಂದವಳು

ಮೊನ್ನೆ ಹಳೆಯ ಪೇಪರು ಹಾಕಲು ರದ್ದಿ ಅಂಗಡಿಗೆ ಹೋಗಿದ್ದೆ. ಮೂಲೆಯಲ್ಲಿ ಕೋಲಿಗೆ ಸುತ್ತಿದ ಒಂದು ಮ್ಯಾಪು ಗೋಡೆಗೆ ಒರಗಿಕೊಂಡಿತ್ತು. ಯಾವುದೋ ಸ್ಕೂಲಿನವರು ಹಳತಾಯಿತೆಂದು ಹಾಕಿದ್ದಿರಬೇಕು. ಅಂಗಡಿಯ ಸಾಹೇಬರು ತಕ್ಕಡಿ ಹಿಡಿದಿದ್ದಾಗ ಸುಮ್ಮನಿರಲಾರದೆ ಅದನ್ನು ಒಂದು ಗೇಣು ಬಿಡಿಸಿದೆ. ಬಟ್ಟೆಗೆ ಅಂಟಿಸಿದ ಕಾಗದ, ಮೇಲೆ ವಾರ್ನಿಷು, ಒಳಗೆಲ್ಲ ಮುಗ್ಗಲು ಹಿಡಿದ ಅಂಟಿನ ವಾಸನೆ. ಮೂಗಿಗೆ ಬಡಿದದ್ದೇ ತಡ, ಬೆಂಚಿನವಳು ನೆನಪಾದಳು...

ಮನಸ್ಸಿನಲ್ಲಿ ಅವಳನ್ನು ಹಾಗೆಯೇ ಕರೆಯುತ್ತೇನೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಕಾಲ. ಕೋಲಾರದಲ್ಲಿ ನಾವು ಓದುತ್ತಿದ್ದ ಹೈಸ್ಕೂಲಿನ ಐದನೇ ಫಾರಮಿನಲ್ಲಿ ನಲವತ್ತು ಜನ ಹುಡುಗರು, ಇಬ್ಬರೇ ಹುಡುಗಿಯರು. ನಮ್ಮಿಬ್ಬರಿಗೆ ಒಂದು ಬೆಂಚು, ಮೇಷ್ಟ್ರ ಮೇಜಿನ ಪಕ್ಕಕ್ಕೆ. ಅವಳು ಶ್ರೀನಿವಾಸಪುರದ ಕಡೆಯವಳು, ಮನೆಮಾತು ತೆಲುಗು. ಕೋಲಾರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ನಾನು ಕಚೇರಿಯ ಗುಮಾಸ್ತರ ಮಗಳು. ಸ್ಕೂಲಿಗೆ ಸೇರಿಸುವಾಗಲೇ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು, ನಿನ್ನ ಹೆಸರು ನಾಲ್ಕು ಜನರ ಬಾಯಿಗೆ ಬಿದ್ದರೆ ಅವತ್ತಿಗೆ ಓದು ಮುಗಿಯಿತು ಎಂದು. ಆ ಮಾತನ್ನು ಟಿಫನ್ ಡಬ್ಬಿಯ ಜೊತೆಗೆ ದಿನವೂ ಹೊತ್ತುಕೊಂಡು ಹೋಗುತ್ತಿದ್ದೆ.

ಗಂಟೆ ಹೊಡೆದ ಕೂಡಲೇ ಹುಡುಗರಂತೆ ನಾವು ಕ್ಲಾಸಿಗೆ ನುಗ್ಗುವ ಹಾಗಿರಲಿಲ್ಲ. ಮ್ಯಾಪು, ಗ್ಲೋಬು ಇಡುವ ಒಂದು ಸಣ್ಣ ಕೋಣೆಯಲ್ಲಿ ಕಾದಿರಬೇಕು. ಮೇಷ್ಟ್ರು ಬಾಗಿಲ ಹತ್ತಿರ ಬಂದು ಕೆಮ್ಮಿದರೆ ಎದ್ದು ಅವರ ಹಿಂದೆ ಹೋಗಬೇಕು. ಪಾಠ ಮುಗಿದರೆ ಅವರ ಹಿಂದೆಯೇ ವಾಪಸು ಬರಬೇಕು. ದಿನಕ್ಕೆ ಆರು ಸಲ ಈ ಮೆರವಣಿಗೆ. ಕೆಮ್ಮು ಕೇಳಿಯೇ ಇವರು ಇಂಥ ಮೇಷ್ಟ್ರು ಎಂದು ಬೆಂಚಿನವಳು ಹೇಳಿಬಿಡುತ್ತಿದ್ದಳು, ಒಮ್ಮೆಯೂ ತಪ್ಪುತ್ತಿರಲಿಲ್ಲ.

ಕಾರಿಡಾರಿನ ಗೋಡೆಗೆ ಕಟ್ಟು ಹಾಕಿಸಿದ ಒಂದು ಹಾಳೆ ತೂಗುತ್ತಿತ್ತು. ವಿದ್ಯಾರ್ಥಿಗಳ ಹಕ್ಕು, ಕರ್ತವ್ಯ, ನಡತೆಯ ನಿಯಮಗಳು, ಒಟ್ಟು ಹನ್ನೆರಡು. ನಾವೆಲ್ಲ ಅದರ ಕೆಳಗೆ ಓಡಾಡಿದವರೇ ಹೊರತು ಓದಿದವರಲ್ಲ. ಓದಿದವಳು ಅವಳೊಬ್ಬಳೇ. ಏಳನೆಯ ನಿಯಮದ ಪ್ರಕಾರ ಪರೀಕ್ಷೆಯಲ್ಲಿ ಮೊದಲು ಬಂದವರೇ ಕ್ಲಾಸಿಗೆ ಮಾನಿಟರು. ಮೇಷ್ಟ್ರು ಬರುವ ಮುಂಚೆ ಮ್ಯಾಪು, ಸೀಮೆಸುಣ್ಣ, ಹಾಜರಿ ಪುಸ್ತಕ ತಂದಿಟ್ಟು ಕ್ಲಾಸನ್ನು ಸದ್ದಿಲ್ಲದಂತೆ ನೋಡಿಕೊಳ್ಳುವುದು ಮಾನಿಟರಿನ ಕರ್ತವ್ಯ. ಆ ಸಲ ಅವಳು ಮೊದಲು ಬಂದಳು. ಮಾನಿಟರು ಮಾಡಿದ್ದು ಎರಡನೆಯವನನ್ನು. ಯಾರಿಗೂ ಅದೊಂದು ವಿಷಯ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

"ಹನ್ನೆರಡೂ ಓದಿದೀನಿ ಕಣೇ," ಎಂದಳು. "ಮೇಷ್ಟ್ರ ಹಿಂದೇನೇ ಹೋಗ್ಬೇಕು ಅಂತ ಎಲ್ಲೂ ಬರ್ದಿಲ್ಲ."

ಮಾನಿಟರು ತಾನಾಗಬೇಕೆಂದು ಕೇಳಲು ನನ್ನನ್ನೂ ಎಳೆದುಕೊಂಡು ಹೆಡ್‌ಮಾಸ್ಟರ ಹತ್ತಿರ ಹೋದಳು. ಅವರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಪೂರ್ತಿ ಕೇಳಿಸಿಕೊಂಡರು. ನಿಯಮ ನಿನ್ನ ಕಡೆಗೇ ಇದೆ, ಆದರೆ ನಲವತ್ತು ಹುಡುಗರ ನಡುವೆ ಒಬ್ಬಳೇ ಹುಡುಗಿಯನ್ನು ಬಿಡುವುದು ಆಗದ ಮಾತು, ಇಬ್ಬರೂ ಮೇಷ್ಟ್ರಿಗಿಂತ ಮುಂಚೆ ಹೋಗಿ ಒಟ್ಟಿಗೆ ಕೂರುವುದಾದರೆ ಎರಡೂ ಮನೆಗೆ ಬಂದು ನಾನೇ ಮಾತಾಡುತ್ತೇನೆ ಎಂದರು. ಆಮೇಲೆ ನನ್ನ ಕಡೆ ತಿರುಗಿ ನೀನೂ ಕೂರುತ್ತೀಯೇನಮ್ಮ ಎಂದು ಕೇಳಿದರು.

ಮನೆಗೆ ಬರುತ್ತಾರೆ ಅನ್ನುವುದಷ್ಟೇ ನನ್ನ ತಲೆಯಲ್ಲಿ ನಿಂತಿತು.

"ನಂಗೆ ಬೇಡ ಸಾರ್," ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. ಮಧ್ಯಾಹ್ನ ಎಂದಿನಂತೆ ಹುರಿಗಡಲೆ ಪೊಟ್ಟಣ ಬಿಚ್ಚಿ ಅರ್ಧ ನನ್ನ ಕಡೆ ಸರಿಸಿದಳು. ನಾನು ತಿಂದೆ.

ಸೋಮವಾರ ಮೊದಲ ಪಾಠವೇ ಭೂಗೋಳ. ಗಂಟೆ ಹೊಡೆಯಿತು. ಬೆಂಚಿನವಳು ಎದ್ದಳು, ಮೂಲೆಯಲ್ಲಿದ್ದ ಇಂಡಿಯಾ ಮ್ಯಾಪನ್ನು ಹೆಗಲಿಗೇರಿಸಿದಳು, ನಡೆದೇಬಿಟ್ಟಳು. ನಾನು ಹಿಂದೆಯೇ ಓಡಿ ಕಾರಿಡಾರಿನ ಕಂಬದ ಹತ್ತಿರ ನಿಂತೆ. ಅಲ್ಲಿಂದ ಕ್ಲಾಸಿನ ಬಾಗಿಲಿಗೆ ನಾಲ್ಕು ಹೆಜ್ಜೆ. ಸಂತೆಯಂತಿದ್ದ ಕ್ಲಾಸಿನ ಗದ್ದಲ ತಟಕ್ಕನೆ ನಿಂತುಹೋಯಿತು. ಅವಳು ತುದಿಗಾಲಲ್ಲಿ ನಿಂತು ಮೊಳೆಗೆ ಮ್ಯಾಪು ಸಿಕ್ಕಿಸಿದಳು, ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡಿದಳು. ಆಮೇಲೆ ಬಾಗಿಲ ಕಡೆ ತಿರುಗಿದಳು.

"ಬಾರೇ," ಎಂದಳು.

ಜೋರಾಗಿ ಏನೂ ಅನ್ನಲಿಲ್ಲ. ನನ್ನ ಬೆನ್ನ ಹಿಂದೆ ಮೇಷ್ಟ್ರ ಕೆಮ್ಮು ಕೇಳಿಸಿತು. ನಾನು ಸರಿದು ದಾರಿ ಬಿಟ್ಟೆ, ಅವರು ಮುಂದೆ ಹೋದರು, ಅವರ ಹಿಂದೆ ನಾನು ಹೋದೆ.

ಹೆಡ್‌ಮಾಸ್ಟರು ಅವಳನ್ನು ಕರೆಸಿ ಕ್ಷಮಾಪಣೆ ಪತ್ರ ಬರೆದುಕೊಡು, ಇಲ್ಲವೇ ಟಿ.ಸಿ. ತೆಗೆದುಕೋ ಎಂದರು. ನಿಯಮ ಮುರಿದೆ ಎಂದು ಬರೆಯಬೇಕಿತ್ತು. ಎಷ್ಟನೇ ನಿಯಮ ಅಂತ ಬರೆಯಲಿ ಸಾರ್ ಎಂದು ಕೇಳಿದಳಂತೆ. ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರಂತೆ. ಇದೆಲ್ಲ ಜವಾನ ಆಮೇಲೆ ಹೇಳಿದ್ದು. ಎರಡು ದಿನಕ್ಕೆ ಅವಳ ಅಪ್ಪ ಊರಿನಿಂದ ಬಂದರು. ರುಮಾಲು ಸುತ್ತಿದ ಎತ್ತರದ ಮನುಷ್ಯ. ಟಿ.ಸಿ. ಕಾಗದ ಪೂರಾ ಓದಿ, ಮಡಿಸಿ ಜೇಬಿಗಿಟ್ಟುಕೊಂಡರು. ಮಗಳನ್ನು ಬೈಯಲಿಲ್ಲ, ಹೆಡ್‌ಮಾಸ್ಟರಿಗೂ ಎದುರು ಮಾತಾಡಲಿಲ್ಲ. "ಪದಮ್ಮಾ," ಎಂದರು ತೆಲುಗಿನಲ್ಲಿ, ನಡಿಯಮ್ಮ ಹೋಗೋಣ ಎಂದು.

ಪುಸ್ತಕ ತೆಗೆದುಕೊಳ್ಳಲು ಅವಳು ಕೋಣೆಗೆ ಬಂದಾಗ ನಾನು ಅಲ್ಲೇ ಕೂತಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಬರ್ತೀನಿ ಕಣೇ ಎಂದು ಹೋದಳು.

ವರ್ಷ ಮುಗಿಯುವವರೆಗೆ ನಲವತ್ತು ಹುಡುಗರ ನಡುವೆ ನಾನೊಬ್ಬಳೇ ಹುಡುಗಿ. ಅದು ಆಗದ ಮಾತು ಎಂದು ಯಾರೂ ಅನ್ನಲಿಲ್ಲ. ದಿನಕ್ಕೆ ಆರು ಸಲ ಕೆಮ್ಮು ಕೇಳಿಸುತ್ತಿತ್ತು, ಎದ್ದು ಹೋಗುತ್ತಿದ್ದೆ. ದುಃಖವೋ ನಾಚಿಕೆಯೋ ಆಗಬೇಕಿತ್ತು. ಏನೂ ಆಗುತ್ತಿರಲಿಲ್ಲ, ಮರಗಟ್ಟಿದ ಕಾಲನ್ನು ಮುಟ್ಟಿ ನೋಡಿದ ಹಾಗಿತ್ತು. ಪಾಸಾದೆ. ನನ್ನ ಹೆಸರು ಯಾರ ಬಾಯಿಗೂ ಬೀಳಲಿಲ್ಲ. ಅಪ್ಪನಿಗೆ ಸಂತೋಷವಾಯಿತು.

ಆಮೇಲೆ ಅವಳನ್ನು ನೋಡಿದ್ದು ಒಂದೇ ಸಲ, ಯುದ್ಧ ಮುಗಿದ ಮೇಲೆ. ನಾನಾಗ ಟೇಕಲ್‌ನಲ್ಲಿ ಮೇಷ್ಟರಮ್ಮ. ಮಾಲೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆ. ಸೊಂಟದಲ್ಲಿ ಮಗು ಎತ್ತಿಕೊಂಡು ಯಾರೋ ಬಂದು ಪಕ್ಕದಲ್ಲೇ ನಿಂತರು, ನೋಡಿದರೆ ಅವಳು. ಮುಳಬಾಗಿಲಿಗೆ ಕೊಟ್ಟಿದ್ದರಂತೆ. ಹುಡುಗರನ್ನು ಹೊಡೀತೀಯೇನೇ ಎಂದು ರೇಗಿಸಿದಳು. ಮಗುವನ್ನು ಇನ್ನೊಂದು ಕಡೆಗೆ ಬದಲಿಸಿಕೊಂಡು ಕೇಳಿದಳು, "ಅವತ್ತು ಕರೆದೆ ನಿನ್ನ, ಕೇಳಿಸ್ಲಿಲ್ವಾ?"

"ಇಲ್ವಲ್ಲೇ," ಎಂದೆ.

"ನಂಗೂ ಹಾಗೇ ಅನ್ಸಿತ್ತು. ಕೇಳ್ಸಿದ್ರೆ ಬಂದಿರ್ತಿದ್ದೆ ನೀನು," ಎಂದಳು. ಅವಳ ಮುಖ ಹಗುರಾಯಿತು. ಅಷ್ಟರಲ್ಲಿ ರೈಲು ಬಂತು.

ಎರಡು ವರ್ಷದ ಮೇಲೆ, ಎರಡನೆಯ ಹೆರಿಗೆಯಲ್ಲಿ ಹೋದಳು ಎಂದು ಯಾರೋ ಹೇಳಿದರು. ಸ್ಕೂಲಿನ ಬಿಡುವಿನ ಹೊತ್ತು ಅದು. ಗಂಟೆ ಹೊಡೆದ ಮೇಲೆ ಎದ್ದು ಹೋಗಿ ಪಾಠ ಮಾಡಿದೆ. ಏನು ಪಾಠ ಮಾಡಿದೆನೋ...

"ಬೇಕಾ ಅಮ್ಮಾ? ಒಯ್ಯಿರಿ, ದುಡ್ಡೇನೂ ಬೇಡ," ಎಂದರು ಅಂಗಡಿಯ ಸಾಹೇಬರು. ಬೇಡ ಎಂದೆ. ಆ ಮಾತು ನನ್ನ ಬಾಯಿಗೆ ಬೇಗ ಬರುತ್ತದೆ. ಮ್ಯಾಪನ್ನು ಮೊದಲಿನಂತೆ ಸುತ್ತಿ ಗೋಡೆಗೆ ಒರಗಿಸಿ ಬಂದೆ. ಮನೆಗೆ ಬಂದು ಅನ್ನಕ್ಕಿಟ್ಟೆ. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕೂತು ನೋಡಿದೆ, ಬರಲಿಲ್ಲ. ಹೇಳೋಣವೆಂದರೆ ಕೇಳುವವಳೂ ಇಲ್ಲ. ಕೇಳಿಸಿತ್ತು ಕಣೇ.