ಬೆರಳು ನಿಂತ ಹೊತ್ತು

"ಆ ಗಡಿಯಾರ ಒಳಗಿಡಿ ಸಾರ್, ನಾಡಿ ನೋಡೋ ಡಾಕ್ಟರ್ ಅಂತ ಎಲ್ರೂ ನಿಮ್ಮ ಮುಂದೆ ನಿಂತ್ಕೋತಾರೆ!" ಉಡುಮಲೈಪೇಟೆಯ ಹತ್ತಿ ಮಂಡಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದ ರುಕ್ಮಿಣಿ ಆ ತಮಿಳು ಊರಿನಲ್ಲಿ ತಾನು ಮನೆಯಲ್ಲಾಡುವ ಕನ್ನಡದಲ್ಲಿ ಛೇಡಿಸಿದಳು.

ಎಂಬತ್ತರ ದಶಕದ ಕೊನೆ. ಮಂಡಿಗೆಂದು ನಾನು ಬರೆದ ಪ್ರೋಗ್ರಾಂ ಅನ್ನು ನಾಲ್ವರು ಒಟ್ಟಿಗೆ, ಬಿಡುವಿಲ್ಲದೆ ಬಳಸುತ್ತಾರೆಂದು ಕಲ್ಪಿಸಿಕೊಂಡು ಪರೀಕ್ಷಿಸಿದಾಗಲೆಲ್ಲ ಯಂತ್ರ ಸ್ತಬ್ಧವಾಗುತ್ತಿತ್ತು. ಕೆಲಸ ಹೋದಂತೆಯೇ ಎಂದು ನಾನು ಊಟ ಬಿಟ್ಟಿದ್ದೆ. ಚಿಂತೆಗೆ ನನ್ನಲ್ಲಿ ಎಂದೂ ರಜೆಯಿಲ್ಲ. ಜನ ನಿಜಕ್ಕೂ ಎಷ್ಟು ವೇಗವಾಗಿ ಟೈಪ್ ಮಾಡುತ್ತಾರೆಂದು ಅಳೆಯಲು ಗಡಿಯಾರ ಹಿಡಿದು ಅಲ್ಲಿಗೆ ಹೋಗಿದ್ದೆ.

ಎದುರಿಗೆ ನಿಂತಿದ್ದ ರೈತರೊಬ್ಬರ ಹೆಸರು ಒತ್ತಿ ರುಕ್ಮಿಣಿಯ ಬೆರಳುಗಳು ನಿಂತುಬಿಟ್ಟವು. ಯಾಕಮ್ಮಾ ಎಂದೆ.

"ಅವ್ರು ಮಗಳ ಕಲ್ಯಾಣದ ಸಮಾಚಾರ ಹೇಳ್ತಾವ್ರೆ, ನಾನು ಟಪಟಪ ತಟ್ಕೊಂಡೇ ಇರೋದಾ? ನಿಮ್ಮ ಕೂಡ ಯಾರೂ ಮಾತಾಡೋದೇ ಇಲ್ವಾ ಸಾರ್?"

ಆ ಬಿಡುವುಗಳನ್ನೂ ಲೆಕ್ಕಕ್ಕೆ ಸೇರಿಸಿ ಪರೀಕ್ಷಿಸಿದಾಗ ಯಂತ್ರ ಸಲೀಸಾಗಿ ಓಡಿತು, ಕೆಲಸವೂ ಉಳಿಯಿತು. ಅವಳ ಪ್ರಶ್ನೆ ಮಾತ್ರ ನನ್ನ ಜೊತೆಗೇ ಬಂತು. ಪೋತ್ತನೂರಿನ ಬಾಡಿಗೆ ಕೋಣೆಯಲ್ಲಿ ಕುಳಿತು ನಾನು ಕಲ್ಪಿಸಿಕೊಂಡಿದ್ದ ಆ ನಾಲ್ವರು, ಯಾರೂ ಮಾತಾಡಿಸದೆ ಬೆಳಗಿನಿಂದ ಸಂಜೆವರೆಗೆ ಟೈಪ್ ಮಾಡುತ್ತಲೇ ಇರುವವರು, ನಾಲ್ವರೂ ನಾನೇ ಆಗಿದ್ದೆ.