ಅಜ್ಜಿಯಾಟ

ಅಣ್ಣನ ಮಗಳು ಹಳೇ ಸೀರೆಯುಟ್ಟು, ತಲೆ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಟ್ಟುಕೊಂಡು ಫೋಟೋ ಹಾಕಿದ್ದಾಳೆ. ‘ಅಜ್ಜಿ ಕಾಲದಲ್ಲೇ ಹುಟ್ಟಬೇಕಿತ್ತು, ಎಂಥ ನೆಮ್ಮದಿ’ ಅಂತ ಬೇರೆ ಬರೆದಿದ್ದಾಳೆ. ಓದಿ ಮೈ ಉರಿದುಹೋಯಿತು.

ನಾನು ಚಿಕ್ಕವಳಿದ್ದಾಗ ಅಕ್ಕೂರಿನ ನಮ್ಮ ಮನೆಯಲ್ಲಿ ನಡುಮನೆಯ ತುಂಬ ರೇಷ್ಮೆ ಹುಳದ ತಟ್ಟೆಗಳು. ಮನುಷ್ಯರು ಮಲಗುತ್ತಿದ್ದುದು ಜಗಲಿಯಲ್ಲಿ. ಹುಳಕ್ಕೆ ಘಾಟು ಆಗದೆಂದು ನನ್ನಜ್ಜಿ ಸಾರಿನ ಒಗ್ಗರಣೆಯನ್ನೂ ಹಿತ್ತಲಿಗೆ ಹೋಗಿ ಹಾಕಬೇಕಿತ್ತು. ಅವಳು ಉಣ್ಣಲು ಕೂತರೆ ಸಾಕು, ತಾತ ಜಗಲಿಯಿಂದಲೇ, ‘ಹುಳ ಹಸ್ಕೊಂಡವೆ ಕಣಮ್ಮಿ, ಒಸಿ ಸೊಪ್ಪಾಕು’ ಅನ್ನುತ್ತಿದ್ದ. ಅವನ ಕೈಗೇನು ರೋಗ ಬಂದಿತ್ತೋ. ಕಡೆಕಡೆಗೆ ಅಜ್ಜಿ ಕೂರುವುದನ್ನೇ ಬಿಟ್ಟು, ನಿಂತುಕೊಂಡೇ ಮುದ್ದೆ ನುಂಗುತ್ತಿದ್ದಳು.

ಒಂದು ದಿನ ನಾನು ಅವಳು ಹೊರೆಯಡಿ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿಯನ್ನು ತಲೆಗಿಟ್ಟು, ಅದರ ಮೇಲೊಂದು ಹಿಡಿ ಸೊಪ್ಪು ಹೊತ್ತು, ಅಜ್ಜಿಯ ಹಾಗೆ ಸೊಂಟ ಹಿಡಿದು ನಡೆಯುತ್ತಿದ್ದೆ. ಅಜ್ಜಿ ಬಂದವಳೇ ಸಿಂಬಿ ಕಿತ್ತುಕೊಂಡಳು.

‘ನನ್ನಾಟ ಆಡ್ಬ್ಯಾಡ ಕಣವ್ವ. ಟೀಚರ್ ಆಟ ಆಡು,’ ಎಂದು ಒಲೆಯಿಂದ ಆರಿದ ಇದ್ದಿಲ ಚೂರೊಂದನ್ನು ತಂದು ಕೈಗಿಟ್ಟಳು.

ಇವತ್ತು ಆ ಮಾತನ್ನೇ ಫೋಟೋ ಕೆಳಗೆ ಬರೆದೆ. ಹುಡುಗಿ ಅದಕ್ಕೊಂದು ಹಾರ್ಟ್ ಒತ್ತಿ, ‘ಸೋ ಕ್ಯೂಟ್ ಅತ್ತೆ’ ಎಂದಿದ್ದಾಳೆ.