ಬೀಗ ಹಾಕಿದ ರಾಗಿ ಡಬ್ಬಿ

ನಮ್ಮ ಅಡುಗೆಮನೆಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಎರಡು ರಾಗಿಹಿಟ್ಟಿನ ಡಬ್ಬಿ ಇದ್ದವು. ಒಂದು ಎಲ್ಲರದು. ಇನ್ನೊಂದಕ್ಕೆ ಸಣ್ಣದೊಂದು ಹಿತ್ತಾಳೆ ಬೀಗ. ಅದರ ಕೀಲಿ ನನ್ನ ಮಗಳ ಕೊರಳಿನ ಶಿವದಾರದಲ್ಲಿ. ಬಂದವರು, "ಇದೇನ್ರಮ್ಮ, ರಾಗಿಗೂ ಬೀಗನಾ? ಇಲಿಗೆ ಕೈ ಬಂದಾವಾ?" ಅಂತ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ಬೀಗ ಹಾಕಿದ್ದು ನನ್ನ ಕೈಗೆ ಅಂತ ಮಾತ್ರ ಯಾರಿಗೂ ಹೇಳಲಿಲ್ಲ.

ನಾವು ಹೊಳಲ್ಕೆರೆ ತಾಲ್ಲೂಕಿನವರು, ಬಿ.ದುರ್ಗದ ಕಡೆ. ನನ್ನ ಮಗಳು ಓಟಗಾರ್ತಿ. ಐದು ಸಾವಿರ ಮೀಟರ್, ಅಂದರೆ ಟ್ರ್ಯಾಕಿನಲ್ಲಿ ಹನ್ನೆರಡೂವರೆ ಸುತ್ತು. ಹೈಸ್ಕೂಲಿನಲ್ಲಿದ್ದಾಗ ಹೋಬಳಿ ಕ್ರೀಡಾಕೂಟದಲ್ಲಿ ಉಳಿದ ಹುಡುಗಿಯರನ್ನೆಲ್ಲ ಒಂದು ಸುತ್ತು ಹಿಂದೆ ಹಾಕಿದಳು. ಮೇಷ್ಟ್ರು ತಮ್ಮ ಲೆಕ್ಕವೇ ತಪ್ಪಿರಬೇಕು ಅಂದುಕೊಂಡು, "ಇನ್ನೊಂದು ಸುತ್ತು ಬಾಕಿ ಐತೆ ಓಡಮ್ಮ" ಅಂದರು. ಇವಳು ಎದುರಾಡದೆ ಅದನ್ನೂ ಓಡಿ, ಆಗಲೂ ಮೊದಲು ಬಂದಳು. ಆಮೇಲೆ ಜಿಲ್ಲೆ, ರಾಜ್ಯ, ದೇಶ. ಒಂದು ದಿನ ಏಷ್ಯಾ ಮಟ್ಟದ ಕೂಟಕ್ಕೂ ಹೋದಳು.

ಆ ಓಟವನ್ನು ನಾನು ಮೊಬೈಲನ್ನು ಅಕ್ಕಿ ಡ್ರಮ್ಮಿಗೆ ಒರಗಿಸಿಟ್ಟು ನೋಡಿದೆ. ಜಪಾನಿನ ಹುಡುಗಿ ಮೊದಲು, ಚೀನಾದವಳು ಎರಡನೆಯವಳು, ನನ್ನ ಮಗಳು ಮೂರನೆಯವಳು. ಕಂಚಿನ ಪದಕ. ಗೆದ್ದ ಜಪಾನಿನವಳು ಕುಣಿಯಲಿಲ್ಲ, ಕೂಗಲಿಲ್ಲ. ತಿರುಗಿ ನಿಂತು ತಾನು ಓಡಿದ ನೆಲಕ್ಕೆ ಸೊಂಟ ಬಗ್ಗಿಸಿ ಶರಣು ಮಾಡಿದಳು. ನನಗೆ ಕಣ್ಣು ತುಂಬಿತು. ಯಾವ ತಾಯಿ ಹೆತ್ತವಳೋ, ಸಂಸ್ಕಾರವಂತೆ ಅಂದುಕೊಂಡೆ.

ವಾಪಸ್ಸು ಬಂದ ಮಗಳು ಅವಳ ಸುದ್ದಿಯನ್ನೇ ಹೇಳಿದ್ದು. "ಅಮ್ಮ, ಅವಳು ಎಷ್ಟು ಹುಷಾರು ಗೊತ್ತಾ? ತಾನೇ ಸೀಲ್ ಒಡೆದ ಬಾಟಲಿ ಬಿಟ್ಟು ಬೇರೆ ನೀರು ಕುಡಿಯಲ್ಲ. ಅವರಮ್ಮ ಏನಾದ್ರೂ ಕೊಟ್ರೂ ಇದ್ರಾಗೇನೈತೆ ಅಂತ ಕೇಳಿ ತಿಂತಾಳಂತೆ."

"ಹೆತ್ತವಳನ್ನೂ ನಂಬದಿದ್ರೆ ಹೆಂಗೇ?" ಅಂದೆ.

"ಅದಕ್ಕೇ ನೋಡು ಅವಳು ಫಸ್ಟು, ನಾನು ಥರ್ಡು" ಅಂತ ನಕ್ಕು, ನಾನು ಕೊಟ್ಟ ಅಂಬಲಿಯನ್ನು ಒಂದೇ ಉಸಿರಿಗೆ ಕುಡಿದಳು.

ಮುಂದಿನ ವರ್ಷ ಇನ್ನೂ ದೊಡ್ಡ ಏಷ್ಯಾ ಕ್ರೀಡಾಕೂಟವಿತ್ತು. ಅದರ ಆಯ್ಕೆಯ ಓಟಕ್ಕೆ ಹದಿನೈದು ದಿನ ಇರುವಾಗ ಮಗಳು ಕುಂಟುತ್ತಾ ಮನೆಗೆ ಬಂದಳು. ಎಡ ಮೊಣಕಾಲು. ಐಸು, ಪಟ್ಟಿ ಎಲ್ಲ ಮಾಡುತ್ತಿದ್ದಳು. ಆದರೂ ಹಿತ್ತಲಿನ ಮೂರು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದಳು.

ಹಿರಿಯೂರಿಗೆ ಕೊಟ್ಟಿರುವ ನಮ್ಮ ನಾದಿನಿ ಅದೇ ವಾರ ಬಂದಿದ್ದಳು. "ಅತ್ತಿಗೆ, ನಮ್ಮ ಕಡೆ ಒಬ್ಬರು ಮಂಡಿನೋವಿಗೆ ನಾಟಿ ಔಷಧಿ ಕೊಡ್ತಾರೆ. ಮೂರೇ ದಿನ! ಬಚ್ಚಲಿಗೆ ಹೋಗಾಕೂ ಆಗದಂಗೆ ಕುಂತಿದ್ದೆ ನಾನು. ಈಗ ದುರ್ಗದ ಕೋಟೆ ಹತ್ತಿಳೀತೀನಿ" ಅಂತ ತನ್ನ ಚೀಲದಿಂದ ಪುಡಿಯ ಪೊಟ್ಟಣ ತೆಗೆದಳು.

ನಾನು ಮಗಳನ್ನು ಕೇಳಿದೆ. ಕೇಳಲಿಲ್ಲ ಅಂತಲ್ಲ.

"ಬ್ಯಾಡಮ್ಮ. ಹೊರಗಿನ ಪುಡಿ ಗಿಡಿ ಮುಟ್ಟಂಗಿಲ್ಲ. ಮೂತ್ರ ಟೆಸ್ಟ್ ಮಾಡ್ತಾರೆ."

"ಬೇರು ಸೊಪ್ಪು ಕಣೇ. ಅದ್ರಾಗೇನೈತೆ?"

"ಏನೈತೆ ಅಂತ ನಿನಗೂ ಗೊತ್ತಿಲ್ಲ, ಕೊಟ್ಟೋರಿಗೂ ಗೊತ್ತಿಲ್ಲ. ಬ್ಯಾಡ ಅಂದ್ರೆ ಬ್ಯಾಡ."

ಆಯ್ತು ಬಿಡು ಅಂದೆ. ಆದರೆ ಪೊಟ್ಟಣವನ್ನು ಹಿಂದಕ್ಕೆ ಕೊಡಲಿಲ್ಲ. ಮರುದಿನ ಪೂಜೆಗೆ ಕುಳಿತಾಗ ಅದನ್ನು ಪೂಜೆಯ ತಟ್ಟೆಯ ಪಕ್ಕ ಇಟ್ಟು, ಮೇಲೊಂದು ಪತ್ರೆ ಇಟ್ಟು ಕೈಮುಗಿದೆ. ನಮ್ಮಲ್ಲಿ ಲಿಂಗದ ಮುಂದೆ ಇಟ್ಟು ಅರ್ಪಿಸಿದ್ದು ಪ್ರಸಾದ. ಪ್ರಸಾದಕ್ಕೆ ದೋಷವಿಲ್ಲ. ಚಿಕ್ಕಂದಿನಿಂದ ಹಾಗೆ ನಂಬಿದವಳು ನಾನು. ಅವಳಿಗೆ ಗೊತ್ತಾದರೆ ಬೈಯುತ್ತಾಳೆ ಅನ್ನುವ ಭಯ ಇತ್ತೇ ಹೊರತು, ಅವಳಿಗೆ ಕೇಡಾಗುತ್ತದೆ ಅನ್ನುವ ಭಯ ಇರಲಿಲ್ಲ. ದಿನಾ ಬೆಳಿಗ್ಗೆ ಅರ್ಧ ಚಮಚ ಪುಡಿ ಅಂಬಲಿಗೆ ಕಲಸಿದೆ. ಕಹಿ ತಿಳಿಯದಿರಲಿ ಅಂತ ಬೆಲ್ಲ ಹೆಚ್ಚು ಹಾಕಿದೆ.

"ಏನಮ್ಮ, ಪಾಯಸ ಮಾಡೀಯಲ್ಲ!"

"ಓಡೋಳಿಗೆ ಬೆಲ್ಲ ಬೇಕು. ಸುಮ್ನೆ ಕುಡಿ."

ಮೂರನೆಯ ದಿನ ಅವಳು ಗೋಡೆ ಹಿಡಿಯದೆ ಮೆಟ್ಟಿಲಿಳಿದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಬೆಳಿಗ್ಗೆ ಹಣೆಗೆ ಮೂರು ಬೆರಳಿನ ವಿಭೂತಿ ಎಳೆಯುವಾಗ ಹಿಂದಿನ ದಿನ ದೇವರು ಮಾಡಿದ ಮೂರು ಉಪಕಾರ ನೆನೆಯುವುದು ನನ್ನ ರೂಢಿ. ಆ ವಾರವೆಲ್ಲ ಮೂರು ಬೆರಳಿಗೂ ಅವಳ ಮೊಣಕಾಲೇ.

ಆಯ್ಕೆಯ ಓಟದಲ್ಲಿ ಎರಡನೆಯವಳಾಗಿ ಬಂದಳು. ಪಟ್ಟಿಯಲ್ಲಿ ಹೆಸರು ಬಂತು. ಓಟ ಮುಗಿದ ಕೂಡಲೇ ಮೂತ್ರ ತೆಗೆದುಕೊಂಡಿದ್ದರು.

ಕೆಲವು ವಾರ ಕಳೆದ ಮೇಲೆ, ಮನೆಗೆ ಬಂದಿದ್ದಾಗ, ಅವಳ ಫೋನಿಗೆ ಮೂತ್ರ ಟೆಸ್ಟ್ ಮಾಡಿದವರ ಪತ್ರ ಬಂತು. ಓದುತ್ತಾ ಹೊಸಿಲ ಮೇಲೇ ಕುಳಿತುಬಿಟ್ಟಳು. ಮೈಯಲ್ಲಿ ಸ್ಟೀರಾಯ್ಡ್ ಸಿಕ್ಕಿದೆ, ಏನೇನು ತೆಗೆದುಕೊಂಡಿದ್ದೀ ಬರೆದು ಕಳಿಸು ಅಂತ. "ನಾನು ಏನೂ ತಗೊಂಡಿಲ್ಲ, ಏನೂ ತಗೊಂಡಿಲ್ಲ" ಅಂತ ಅದನ್ನೇ ಹೇಳುತ್ತಿದ್ದಳು. ಅವಳಪ್ಪ ನೀರು ತಂದುಕೊಟ್ಟರು. ನಾನು ಅವರೆಕಾಳು ಸುಲಿಯುತ್ತಿದ್ದೆ. ಸುಲಿಯುತ್ತಲೇ ಇದ್ದೆ.

ನಾಲ್ಕು ದಿನ ನಾನು ಬಾಯಿ ಬಿಡಲಿಲ್ಲ. ಬರೆಯಲು ಕಷ್ಟವಾದರೂ ಬರೆಯುತ್ತೇನೆ. ಪೂಜೆಗೆ ಕುಳಿತು, ತಪ್ಪು ಬೇರೆ ಯಾರದ್ದಾದರೂ ಆಗಿರಲಿ ತಂದೇ ಅಂತ ಬೇಡಿಕೊಂಡೆ. ಆ ನಾಲ್ಕು ದಿನದಲ್ಲಿ ಮಗಳು ಒಬ್ಬೊಬ್ಬರನ್ನೇ ಅನುಮಾನಿಸಿದಳು. ಕ್ಯಾಂಪಿನ ಕ್ಯಾಂಟೀನಿನವರು, ಮಾಲೀಸು ಮಾಡುವವರು. ಕೊನೆಗೆ, ಆರು ವರ್ಷ ಕ್ರೀಡಾ ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದು, ಆಯ್ಕೆಯ ಓಟದಲ್ಲಿ ಇವಳ ಹಿಂದೆ ಮೂರನೆಯವಳಾಗಿ ಬಂದಿದ್ದ ಗೆಳತಿಗೆ ಫೋನ್ ಮಾಡಿದಳು. "ನನ್ನ ಬಾಟಲಿಗೆ ಏನಾದ್ರೂ ಹಾಕ್ದೇನೇ? ನಿಜ ಹೇಳು. ನಾನು ಹೋದ್ರೆ ನಿನಗೆ ಜಾಗ ಸಿಗತೈತಲ್ಲ!" ಆ ಹುಡುಗಿ ಆ ಕಡೆ ಅಳುವುದು ನನಗೆ ಒಲೆಯ ಹತ್ತಿರದವರೆಗೂ ಕೇಳಿಸಿತು.

ಐದನೆಯ ದಿನ ಬೆಳಿಗ್ಗೆ ಹೇಳಿದೆ. "ನಾನೇ ಹಾಕ್ದೆ. ಅಂಬಲಿಗೆ. ನಿಮ್ಮತ್ತೆ ತಂದ ಪುಡಿ."

ಅವಳು ಕೂಗುತ್ತಾಳೆ ಅಂದುಕೊಂಡಿದ್ದೆ. ಕೂಗಲಿಲ್ಲ.

"ಎಷ್ಟು ದಿನ?"

"ಒಂಬತ್ತು."

"ಯಾವ ಚಮಚ?"

ಚಮಚವನ್ನೂ ಉಳಿದ ಪುಡಿಯನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿದಳು. ಆಮೇಲೆ ನನ್ನನ್ನು ನೋಡಿದಳು. "ಅಮ್ಮ, ಅವಳಿಗೆ ನಾನು ಫೋನ್ ಮಾಡೋವಾಗ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಪುಡಿಗಿಂತ ಆ ಮಾತೇ ಅವಳನ್ನು ಹೆಚ್ಚು ಸುಟ್ಟಿತು. ಅವಳಪ್ಪ, "ಲೇ, ಮೊದಲನೇ ದಿನವೇ ಬಾಯಿ ಬಿಡಾಕೆ ಏನಾಗಿತ್ತು ನಿನಗೆ?" ಅಂದವರು ಹೊಲಕ್ಕೆ ಹೋಗಿಬಿಟ್ಟರು. ಮಗಳು ಗೆಳತಿಗೆ ಮತ್ತೆ ಫೋನ್ ಮಾಡಿದಳು. ಅವಳು ಎತ್ತಲಿಲ್ಲ. ಇವತ್ತಿಗೂ ಎತ್ತಿಲ್ಲ.

ವಿಚಾರಣೆ ಲ್ಯಾಪ್‌ಟಾಪಿನಲ್ಲಿ ನಡೆಯಿತು. ಪರದೆಯಲ್ಲಿ ಮೂವರು. ನಾನು ಕನ್ನಡದಲ್ಲಿ ಹೇಳಿದೆ, ವಕೀಲರು ಇಂಗ್ಲಿಷಿಗೆ ಮಾಡಿದರು. ಪುಡಿಯನ್ನು ಪರೀಕ್ಷೆಗೆ ಕಳಿಸಿದಾಗ ಅದರಲ್ಲೇ ಆ ಸ್ಟೀರಾಯ್ಡ್ ಸಿಕ್ಕಿತ್ತು. ಬೇರು ಸೊಪ್ಪಿನ ಜೊತೆ ಯಾರೋ ಮಾತ್ರೆ ಅರೆದು ಸೇರಿಸಿದ್ದರು. ಪರದೆಯಲ್ಲಿದ್ದ ಹೆಣ್ಣುಮಗಳೊಬ್ಬರು ಮೆತ್ತಗೆ, "ನಿಮ್ಮ ಮಾತು ನಂಬ್ತೀವಿ ತಾಯಿ. ಆದರೆ ಮೈಯೊಳಗೆ ಏನು ಹೋದರೂ ಓಟಗಾರ್ತಿಯೇ ಹೊಣೆ" ಅಂದಿದ್ದನ್ನು ವಕೀಲರು ತಿಳಿಸಿದರು. ಎರಡು ವರ್ಷ ಆಗಬೇಕಾದ ನಿಷೇಧ ಹದಿನಾಲ್ಕು ತಿಂಗಳಿಗೆ ಇಳಿಯಿತು. ಹಳೆಯ ಕಂಚಿನ ಪದಕ ಉಳಿಯಿತು. ಆದರೆ ದೊಡ್ಡ ಕೂಟ ಅವಳಿಲ್ಲದೆ ನಡೆಯಿತು. ಆ ಸಂಜೆ ಮನೆಯಲ್ಲಿ ಯಾರೂ ಮೊಬೈಲ್ ಮುಟ್ಟಲಿಲ್ಲ.

ಆಗ ಬಂದಿದ್ದು ಆ ಬೀಗ. ಅವಳ ಅಡುಗೆ ಅವಳದೇ, ಅವಳ ನೀರು ಅವಳದೇ. ಕ್ಯಾಂಪಿಗೆ ಸೇರಿಸುವಂತಿಲ್ಲವಾದ್ದರಿಂದ ಕೆರೆ ಏರಿಯ ಮೇಲೆ ಒಬ್ಬಳೇ ಓಡುತ್ತಿದ್ದಳು. ನನ್ನ ಜೊತೆ ಮಾತು ಬಿಡಲಿಲ್ಲ, ಅದು ದೇವರ ದಯೆ. ಮೊಣಕಾಲು ತೋರಿಸಲು ಹೋದಾಗ ಚಿತ್ರದುರ್ಗದ ಡಾಕ್ಟರು ಇನ್ನೊಂದು ಮಾತು ಹೇಳಿದರು. ಪುಡಿ ಗುಣ ಮಾಡಿರಲಿಲ್ಲವಂತೆ, ನೋವನ್ನು ಮಾತ್ರ ಮುಚ್ಚಿಟ್ಟಿತ್ತಂತೆ. ನೋವು ತಿಳಿಯದೆ ಓಡಿದ್ದಕ್ಕೆ ಒಳಗೆ ಸವೆದುಹೋಗಿದೆ ಅಂದರು.

ನಿಷೇಧ ಮುಗಿದ ವಾರ, "ಬಾ, ಚಿತ್ರದುರ್ಗದ ಸ್ಟೇಡಿಯಂಗೆ ಹೋಗಾಣ" ಅಂದಳು. ಬೆಳಿಗ್ಗೆ ಮೊದಲನೇ ಬಸ್ಸು. ದಾರಿಯಲ್ಲಿ ಸ್ಟಾಪ್‌ವಾಚ್ ನನ್ನ ಕೈಗಿಟ್ಟು ಹೇಳಿದಳು: "ಮೊದಲು ಹದಿನೈದು ನಿಮಿಷ ನಲವತ್ತು ಸೆಕೆಂಡಿಗೆ ಮುಗಿಸ್ತಿದ್ದೆ. ಇವತ್ತು ಹದಿನಾರೂವರೆ ಒಳಗೆ ಬಂದ್ರೆ ಮುಂದುವರಿಸ್ತೀನಿ. ಇಲ್ಲಾಂದ್ರೆ ಇಲ್ಲಿಗೆ ಬಿಡ್ತೀನಿ. ನೀನೇ ಹೇಳ್ಬೇಕು ಟೈಮು."

ಓಡಿದಳು. ನಾನು ಒಂದೊಂದು ಸುತ್ತಿಗೂ ಒಂದೊಂದು ಕಲ್ಲು ಎತ್ತಿಟ್ಟೆ. ಎಂಟನೆಯ ಕಲ್ಲಿಗೆ ಅವಳ ಎಡಗಾಲು ಎಳೆಯತೊಡಗಿತು. ಕೊನೆಯ ಗೆರೆ ದಾಟಿದಾಗ ಗುಂಡಿ ಒತ್ತಿದೆ. ಹದಿನೇಳು ನಿಮಿಷ ಒಂಬತ್ತು ಸೆಕೆಂಡ್.

ಅವಳು ಮಂಡಿಗೆ ಕೈಯೂರಿ ಬಗ್ಗಿ ನಿಂತಿದ್ದಳು. ಗಡಿಯಾರ ನನ್ನ ಅಂಗೈಯಲ್ಲಿತ್ತು. ಇನ್ನೊಂದು ಗುಂಡಿ ಒತ್ತಿದರೆ ಎಲ್ಲಾ ಅಳಿಸಿ ಸೊನ್ನೆಯಾಗುತ್ತದೆ ಅಂತ ನನಗೆ ಗೊತ್ತಿತ್ತು. ಕೈ ತಪ್ಪಿ ಒತ್ತಿದೆ ಕಣೇ, ಹದಿನಾರೂ ಇಪ್ಪತ್ತು ಇರಬೇಕು ಅಂದರೆ ಮುಗಿಯಿತು. ಒಂದಿಷ್ಟು ತಿಂಗಳ ಆಸೆ ಸಿಕ್ಕುತ್ತಿತ್ತು ಅವಳಿಗೆ.

"ಎಷ್ಟಮ್ಮ?"

"ಹದಿನೇಳು ಒಂಬತ್ತು."

ಅವಳು ಗಡಿಯಾರ ತೋರಿಸು ಅನ್ನಲಿಲ್ಲ. ನನ್ನ ಬಾಯಿಮಾತನ್ನೇ ತೆಗೆದುಕೊಂಡಳು. ತಲೆಯಾಡಿಸಿದಳು. ಆಮೇಲೆ ಟ್ರ್ಯಾಕಿನ ಕಡೆ ತಿರುಗಿ, ಆ ಜಪಾನಿನವಳ ಹಾಗೆ, ಸೊಂಟ ಬಗ್ಗಿಸಿ ನಿಂತಳು. ಬಹಳ ಹೊತ್ತು ಮೇಲೆ ಏಳಲಿಲ್ಲ.

ಬಂದು ಪಕ್ಕದಲ್ಲಿ ಕುಳಿತಳು. ನನ್ನ ಚೀಲದಲ್ಲಿ ನನಗಾಗಿ ತಂದಿದ್ದ ಅಂಬಲಿಯ ಬಾಟಲಿ ಇತ್ತು. ಅದಕ್ಕೆ ಕೈ ಚಾಚಿದಳು.

"ಅದು ನಮ್ಮ ಡಬ್ಬೀದು ಕಣೇ" ಅಂದೆ. "ನಿನ್ನದಲ್ಲ."

"ಗೊತ್ತು. ಕೊಡು. ಇನ್ನು ನನ್ನ ಯಾರು ಟೆಸ್ಟ್ ಮಾಡ್ತಾರೆ?"

ಅರ್ಧ ಕುಡಿದು ಉಳಿದದ್ದನ್ನು ನನಗೆ ಕೊಟ್ಟಳು. ಊರಿಗೆ ಬಂದ ಮೇಲೆ ಕೊರಳಿನ ಕೀಲಿ ಬಿಚ್ಚಿ, ಅವಳ ಡಬ್ಬಿಯ ಹಿಟ್ಟನ್ನು ನಮ್ಮದಕ್ಕೆ ಸುರಿದಳು. ಮರುದಿನ ವಿಭೂತಿ ಎಳೆಯುವಾಗ, ಮಗಳು ಮತ್ತೆ ನನ್ನ ಕೈಯದ್ದು ಕುಡಿದಳು ಅಂತ ಮೊದಲನೇ ಬೆರಳಿಗೆ ನೆನೆದೆ. ಉಳಿದ ಎರಡು ಬೆರಳಿಗೆ ಏನೂ ಹೊಳೆಯಲಿಲ್ಲ.